ಸ್ಕ್ರಾಪ್‌ಬುಕ್ ಸಾಮಗ್ರಿ: ಹಣ ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮದುವೆ, ನಾಮಕರಣ, ಗೃಹಪ್ರವೇಶ, ಮಗುವಿನ ಶಾಲೆಯ ಮೊದಲ ದಿನ ಮುಂತಾದ ಸಂದರ್ಭಗಳ ಛಾಯಾಚಿತ್ರಗಳನ್ನು ಬರಹ, ಆಮಂತ್ರಣ ಪತ್ರಿಕೆ, ಪ್ರಯಾಣದ ಟಿಕೆಟ್‌ಗಳೊಡನೆ ಹಾಳೆಗಳ ಮೇಲೆ ಜೋಡಿಸಿಡುವ ಪುಸ್ತಕವನ್ನು ಸ್ಕ್ರಾಪ್‌ಬುಕ್ ಎನ್ನುತ್ತಾರೆ. ಅಮೆರಿಕದಲ್ಲಿ ದೊಡ್ಡ ಉದ್ಯಮವಾಗಿ ಬೆಳೆದ ಈ ಹವ್ಯಾಸ ನಮ್ಮ ನಗರಗಳಿಗೂ ಬಂದಿದೆ. ಇದಕ್ಕೆ ಇಳಿದವರಲ್ಲಿ ಹಲವರ ಅನುಭವ ಒಂದೇ ತೆರನಾದುದು. ಪುಸ್ತಕ ಅರ್ಧವೂ ಆಗಿರುವುದಿಲ್ಲ, ಹಣ ಮಾತ್ರ ನೀರಿನಂತೆ ಖರ್ಚಾಗಿರುತ್ತದೆ.

ಖರ್ಚಾಗುವುದು ಎಲ್ಲಿ ಎಂಬುದನ್ನು ಗಮನಿಸಬೇಕು. ಸ್ಟಿಕ್ಕರ್, ರಿಬ್ಬನ್, ಹೊಳೆಯುವ ಮಣಿ, ಹೂವಿನಾಕಾರದ ಪಂಚ್ ಇವುಗಳಿಗೆ ಧಾರಾಳವಾಗಿ ಹಣ ಕೊಟ್ಟವರು ಹಾಳೆ ಮತ್ತು ಅಂಟಿನ ವಿಷಯಕ್ಕೆ ಬಂದಾಗ ಅಗ್ಗದ್ದನ್ನು ಆರಿಸುತ್ತಾರೆ. ಕೆಲವು ವರ್ಷಗಳ ನಂತರ ಸ್ಟಿಕ್ಕರ್‌ನ ಹೊಳಪು ಹಾಗೆಯೇ ಇರುತ್ತದೆ, ಅಜ್ಜಿಯ ಮುಖ ಮಾತ್ರ ಹಳದಿಗಟ್ಟಿರುತ್ತದೆ. ಛಾಯಾಚಿತ್ರವನ್ನು ನೇರವಾಗಿ ಮುಟ್ಟುವ ವಸ್ತುಗಳು ಮೂರೇ: ಹಾಳೆ, ಅಂಟು ಮತ್ತು ಪ್ಲಾಸ್ಟಿಕ್ ಹೊದಿಕೆ. ಈ ಮೂರಕ್ಕೆ ಹಣ ಹಾಕಿ, ಉಳಿದ ಎಲ್ಲದರಲ್ಲೂ ಕೈ ಬಿಗಿ ಹಿಡಿಯುವುದೇ ಜಾಣತನ.

ಅಳತೆಯ ಲೆಕ್ಕ

ವಿದೇಶಿ ಪದ್ಧತಿಯಲ್ಲಿ ಹೆಚ್ಚು ಬಳಕೆಯಲ್ಲಿರುವ ಹಾಳೆಯ ಅಳತೆ 12 ಅಂಗುಲದ ಚೌಕ. ಈ ಅಳತೆಯನ್ನೇ ಹಿಡಿದು ಹೊರಟರೆ ಆಲ್ಬಂ, ಹೊದಿಕೆ, ಕಾಗದ ಎಲ್ಲವನ್ನೂ ಅದಕ್ಕೆ ತಕ್ಕಂತೆ ಹುಡುಕಬೇಕಾಗುತ್ತದೆ, ಆಮದು ಮಾಲಿನ ಬೆಲೆ ತೆರಬೇಕಾಗುತ್ತದೆ. ನಮ್ಮ ಕಾಗದದ ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪೂರ್ಣ ಶೀಟಿನ ಅಳತೆ 22 × 28 ಅಂಗುಲ. ಅದರಲ್ಲಿ 12 ಅಂಗುಲದ ಚೌಕಗಳು ಎರಡೇ ದೊರೆಯುತ್ತವೆ. ಅರ್ಧಕ್ಕಿಂತ ಹೆಚ್ಚು ಕಾಗದ ಪುಟಕ್ಕೆ ಒದಗದೆ ಉಳಿಯುತ್ತದೆ. ಅದೇ ಶೀಟನ್ನು 11 × 14 ಅಂಗುಲಕ್ಕೆ ಕತ್ತರಿಸಿದರೆ ಚೂರೂ ವ್ಯರ್ಥವಾಗದೆ ನಾಲ್ಕು ಹಾಳೆಗಳಾಗುತ್ತವೆ. 20 ಹಾಳೆಗಳ ಪುಸ್ತಕಕ್ಕೆ ಮೊದಲ ಲೆಕ್ಕದಲ್ಲಿ 10 ಶೀಟು ಬೇಕಾದರೆ ಎರಡನೆಯ ಲೆಕ್ಕದಲ್ಲಿ 5 ಸಾಕು.

ಮೊದಲ ಬಾರಿಗೆ ಮಾಡುವವರಿಗೆ ಎ-4 ಅಳತೆ ಇನ್ನೂ ಅನುಕೂಲ. ಈ ಅಳತೆಯ ಫೈಲು ಮತ್ತು ಪಾರದರ್ಶಕ ಹೊದಿಕೆ ತಾಲ್ಲೂಕು ಕೇಂದ್ರದ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತವೆ. ಹೊದಿಕೆ ಕೊಳ್ಳುವಾಗ ಅದು ಪಾಲಿಪ್ರೊಪಿಲೀನ್‌ನದೇ ಎಂದು ಕೇಳಿ ನೋಡಬೇಕು. ಘಾಟು ವಾಸನೆಯ ಮೆತ್ತನೆಯ ಪಿ.ವಿ.ಸಿ. ಹೊದಿಕೆ ಎಷ್ಟೇ ಅಗ್ಗವಾಗಿದ್ದರೂ ಬೇಡ, ಅದು ಕಾಲಕ್ರಮೇಣ ಚಿತ್ರವನ್ನು ಕೆಡಿಸುತ್ತದೆ.

ಬೆಂಗಳೂರಿನಲ್ಲಿ ಸುಲ್ತಾನಪೇಟೆ ಮತ್ತು ಅವೆನ್ಯೂ ರಸ್ತೆಯ ಆಸುಪಾಸು ಕಾಗದದ ವ್ಯಾಪಾರಕ್ಕೆ ಹೆಸರಾದ ಜಾಗ. ಬೇರೆ ಊರುಗಳವರು ಸಮೀಪದ ಮುದ್ರಣಾಲಯದಲ್ಲಿ ವಿಚಾರಿಸಬಹುದು. ಅಲ್ಲಿ ಕತ್ತರಿಸುವ ಯಂತ್ರವೂ ಇರುತ್ತದೆ, ಕೆಲಸ ಮುಗಿದ ಮೇಲೆ ಉಳಿದ ದಪ್ಪ ಕಾಗದದ ಪಟ್ಟಿಗಳೂ ಇರುತ್ತವೆ. ಶೀರ್ಷಿಕೆ ಬರೆಯಲು, ಅಂಚು ಕಟ್ಟಲು ಆ ಪಟ್ಟಿಗಳೇ ಸಾಕು.

ಯಾವ ಕಾಗದ?

ಕಾಗದದ ದಪ್ಪವನ್ನು ಜಿ.ಎಸ್.ಎಂ., ಅಂದರೆ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ತೂಕ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಜೆರಾಕ್ಸ್ ಕಾಗದ 70ರಿಂದ 80 ಜಿ.ಎಸ್.ಎಂ. ಇರುತ್ತದೆ. ಚಿತ್ರಗಳ ಭಾರ ಹೊರುವ ಪುಟಕ್ಕೆ 200 ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ಅಲಂಕಾರದ ಮೇಲ್ಪದರಕ್ಕೆ 120 ಧಾರಾಳವಾಯಿತು, ಅಲ್ಲಿ ದಪ್ಪ ಕಾಗದ ಕೊಂಡರೆ ಹಣವೂ ದಂಡ, ಪುಸ್ತಕವೂ ಉಬ್ಬುತ್ತದೆ.

ದಪ್ಪಕ್ಕಿಂತ ಮುಖ್ಯವಾದುದು ಕಾಗದದ ಗುಣ. ಮರದ ತಿರುಳಿನಲ್ಲಿರುವ ಲಿಗ್ನಿನ್ ಎಂಬ ಅಂಶವನ್ನು ತೆಗೆಯದೆ ಮಾಡಿದ ಕಾಗದ ಬೆಳಕು ಮತ್ತು ಗಾಳಿಗೆ ಹಳದಿಯಾಗುತ್ತದೆ, ಆಮ್ಲ ಬಿಡುತ್ತದೆ, ಪಕ್ಕದ ಚಿತ್ರವನ್ನೂ ಹಾಳುಮಾಡುತ್ತದೆ. ಇದಕ್ಕೆ ದಿನಪತ್ರಿಕೆಯ ಕಾಗದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ! ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಸೇರಿಸುವುದಿದ್ದರೆ ತುಣುಕನ್ನೇ ಅಂಟಿಸದೆ ಒಳ್ಳೆಯ ಕಾಗದದ ಮೇಲೆ ಅದರ ನಕಲು ತೆಗೆಸಿ ಬಳಸುವುದು ಲೇಸು. ಬಸ್ ಟಿಕೆಟ್, ಎ.ಟಿ.ಎಂ. ಚೀಟಿಯಂತಹ ಶಾಖಮುದ್ರಣದ ಕಾಗದಗಳಿಗೂ ಈ ಮಾತು ಅನ್ವಯಿಸುತ್ತದೆ. ಅವುಗಳ ಅಕ್ಷರ ಕ್ರಮೇಣ ಅಳಿಸಿಹೋಗುತ್ತದೆ.

ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದದಲ್ಲಿ ಲಿಗ್ನಿನ್‌ನ ತೊಂದರೆ ಇಲ್ಲ. ರಾಜಸ್ಥಾನದ ಸಾಂಗಾನೇರ್ ಮತ್ತು ಪುದುಚೇರಿ ಇಂತಹ ಕಾಗದಕ್ಕೆ ಪ್ರಸಿದ್ಧ. ಆದರೆ ಗಾಢ ಬಣ್ಣದ ಅಥವಾ ಹೂವಿನ ಪಕಳೆ ಸೇರಿಸಿದ ಹಾಳೆಯನ್ನು ಚಿತ್ರಕ್ಕೆ ತಾಗದಂತೆ ಇಡಬೇಕು. ಇನ್ನು ‘ಆಮ್ಲರಹಿತ’ ಎಂಬ ಒಂದೇ ಪದಕ್ಕೆ ಹೆಚ್ಚಿನ ಬೆಲೆ ಕೊಡುವ ಮುನ್ನ ಯೋಚಿಸಬೇಕು. ಛಾಯಾಚಿತ್ರಕ್ಕೆ ಹಾನಿಯಾಗದೆಂಬುದನ್ನು ಪರೀಕ್ಷಿಸಲು ಐ.ಎಸ್.ಓ. 18916 ಎಂಬ ಪ್ರತ್ಯೇಕ ಮಾನದಂಡವಿದೆ. ಅದನ್ನು ನಮೂದಿಸಿದ ಮಾಲಿಗೆ ಕೊಡುವ ಹಣಕ್ಕೆ ಅರ್ಥವಿದೆ.

ಅಂಟಿನ ಅವಾಂತರ

ಸೆಲ್ಲೋಟೇಪ್ ಕಂದುಬಣ್ಣಕ್ಕೆ ತಿರುಗಿ ಕಲೆ ಉಳಿಸುತ್ತದೆ. ಮೈದಾ ಅಂಟಿಗೆ ಜಿರಲೆ, ಹುಳುಗಳು ಬರುತ್ತವೆ. ಬಿಳಿ ಅಂಟಿನ ನೀರು ಕಾಗದವನ್ನು ಸುಕ್ಕುಗಟ್ಟಿಸುತ್ತದೆ, ಒಮ್ಮೆ ಹಿಡಿದರೆ ಚಿತ್ರವನ್ನು ಬಿಡಿಸಲಾಗುವುದಿಲ್ಲ. ಅಂಟಿನ ಗೋಜಲು ಹಳೆಯದೇ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಮೊದಲೇ ಅಂಟು ಬಳಿದ ಹಾಳೆಗಳ ಸ್ಕ್ರಾಪ್‌ಬುಕ್ಕಿಗೆ 1873ರಲ್ಲಿ ಪೇಟೆಂಟ್ ಪಡೆದಿದ್ದ. ಆದರೆ ನಮ್ಮ ಹಿರಿಯರ ಕಪ್ಪು ಹಾಳೆಯ ಆಲ್ಬಂಗಳಲ್ಲಿ ಇದಕ್ಕೂ ಸರಳವಾದ ಪರಿಹಾರವಿತ್ತು. ಚಿತ್ರದ ನಾಲ್ಕು ಮೂಲೆಗಳಿಗೆ ನಾಲ್ಕು ಕಾಗದದ ಪುಟ್ಟ ತ್ರಿಕೋನಗಳು, ನಡುವೆ ಬೆಣ್ಣೆ ಕಾಗದ. ಅಂಟು ತಾಗುವುದು ತ್ರಿಕೋನಕ್ಕೇ ಹೊರತು ಚಿತ್ರಕ್ಕಲ್ಲ. ಒಳ್ಳೆಯ ಕಾಗದದ ಚೂರುಗಳಿಂದ ಇವನ್ನು ಮನೆಯಲ್ಲೇ ಮಡಚಿಕೊಳ್ಳಬಹುದು, ಖರ್ಚು ಬಹುತೇಕ ಇಲ್ಲ.

ಇದಕ್ಕೆ ತದ್ವಿರುದ್ಧವಾದುದು ಅಂಟಿನ ಗೆರೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಂ. ಮನೆಯಲ್ಲಿ ಅಂತಹುದಿದ್ದು, ಚಿತ್ರಗಳು ಅಂಟಿಕೊಂಡಿದ್ದರೆ ಎಳೆಯಬಾರದು. ಮೊದಲು ಇದ್ದಂತೆಯೇ ಫೋಟೊ ತೆಗೆದುಕೊಂಡು, ಬಳಿಕ ಹಲ್ಲು ಶುಚಿಗೊಳಿಸುವ ತೆಳು ದಾರವನ್ನು ಚಿತ್ರದ ಹಿಂದೆ ಮೆಲ್ಲಗೆ ಆಡಿಸಿ ಬಿಡಿಸಲು ಯತ್ನಿಸಬಹುದು. ಬಿಡದಿದ್ದರೆ ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಅಲಂಕಾರಕ್ಕೆ ಮನೆಯ ಮಾಲು

ಹಳೆಯ ಲಗ್ನಪತ್ರಿಕೆಗಳು, ರವಿಕೆ ಹೊಲಿದು ಉಳಿದ ರೇಷ್ಮೆ ಚೂರು, ಸೀರೆಯ ಜರಿ ಅಂಚು ಇವುಗಳ ಮುಂದೆ ಅಂಗಡಿಯ ಸ್ಟಿಕ್ಕರ್ ಪ್ಯಾಕೆಟ್ ಏನೇನೂ ಅಲ್ಲ. ಮದುವೆಯ ಪುಟದಲ್ಲಿ ಅದೇ ಮದುವೆಯ ಪತ್ರಿಕೆಯ ಗಣಪತಿ ಇರುವುದು ಸೊಗಸಲ್ಲವೇ! ಅವು ಚಿತ್ರಕ್ಕೆ ತಾಗದಿದ್ದರೆ ಸಾಕು. ಅಂಕುಡೊಂಕು ಅಂಚಿನ ಕತ್ತರಿ, ಪಂಚ್‌ಗಳನ್ನು ನಾಲ್ಕಾರು ಗೆಳತಿಯರು ಸೇರಿ ಕೊಂಡು ಹಂಚಿಕೊಳ್ಳಬಹುದು.

ಆನ್‌ಲೈನ್ ಖರೀದಿಯಲ್ಲಿ ಒಂದು ಬಲೆ ಇದೆ. ಇಂತಿಷ್ಟು ಮೊತ್ತ ದಾಟಿದರೆ ಸಾಗಣೆ ಉಚಿತ ಎಂಬ ಆಸೆಗೆ ಬೇಡದ ವಸ್ತುಗಳು ಸೇರಿಕೊಳ್ಳುತ್ತವೆ. ಸಾಗಣೆ ವೆಚ್ಚ ಕೊಟ್ಟು ಬೇಕಾದುದನ್ನಷ್ಟೇ ತರಿಸುವುದು ಎಷ್ಟೋ ಸಲ ಅಗ್ಗ.

ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಚಿತ್ರಗಳ ಆಯ್ಕೆ. ಮೊಬೈಲ್‌ನಲ್ಲಿರುವ ನೂರಾರು ಚಿತ್ರಗಳನ್ನು ಮುದ್ರಿಸಿ ಆಮೇಲೆ ಆರಿಸುವ ಬದಲು, ಪುಟಕ್ಕೆ ಎರಡು ಮೂರರಂತೆ ಲೆಕ್ಕ ಹಾಕಿ ಅಷ್ಟನ್ನೇ ಸ್ಟುಡಿಯೊದಲ್ಲಿ ಮುದ್ರಿಸಬೇಕು. 20 ಪುಟಕ್ಕೆ 60 ಚಿತ್ರ ಮೀರುವುದಿಲ್ಲ. ಆ ಚಿತ್ರಗಳನ್ನು ಕೈಯಲ್ಲಿ ಹಿಡಿದೇ ಕಾಗದದ ಅಂಗಡಿಗೆ ಹೋಗುವುದು ಒಳ್ಳೆಯದು. ಅಂಗಡಿಯವರಿಂದಲೇ ಹಾಳೆ ಕತ್ತರಿಸಿಕೊಂಡರೆ ಶೀಟನ್ನು ಸುರುಳಿ ಸುತ್ತಿ ತರುವ ಕಷ್ಟವೂ ತಪ್ಪುತ್ತದೆ.