ಅಮ್ಮಂದಿರ ಮೇಲೆ ಹೊರಿಸಿದ ತಪ್ಪು

ಮಗುವಿಗೆ ಆಟಿಸಂ ಬರೋಕೆ ತಾಯಿಯ ತಣ್ಣನೆ ಮನಸ್ಸೇ ಕಾರಣ ಅಂತ ಒಂದು ಕಾಲದಲ್ಲಿ ದೊಡ್ಡ ದೊಡ್ಡ ತಜ್ಞರೇ ಹೇಳ್ತಿದ್ರು. ಅಮೆರಿಕದಲ್ಲಿ ಇಂಥ ತಾಯಂದಿರಿಗೆ ‘ಫ್ರಿಜ್ ಅಮ್ಮಂದಿರು’ ಅನ್ನೋ ಹೆಸರೇ ಬಿತ್ತು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಬರೆದ ಪುಸ್ತಕ ಈ ಮಾತನ್ನು ಇನ್ನಷ್ಟು ಗಟ್ಟಿ ಮಾಡಿತು.

1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕಲ್ ರಟರ್ ಬ್ರಿಟನ್ನಿನ 21 ಅವಳಿ ಜೋಡಿಗಳನ್ನು ನೋಡಿದರು. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ. ಉಳಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿಲ್ಲ. ಅಂದರೆ ಇದು ಜೀನಿನ ವಿಷಯ. ಆದರೆ ಯಾವ ಜೀನು?

ಸುಳಿವು ಸಿಕ್ಕಿದ್ದು ಜೇಡದಿಂದ! ಬ್ಲ್ಯಾಕ್ ವಿಡೋ ಜೇಡದ ವಿಷ ನರಕೋಶಕ್ಕೆ ಎಲ್ಲಿ ಅಂಟಿಕೊಳ್ಳುತ್ತೆ ಅಂತ ಹುಡುಕುತ್ತಾ ಥಾಮಸ್ ಸುಡಾಫ್ ತಂಡ 1992ರಲ್ಲಿ ನ್ಯೂರೆಕ್ಸಿನ್ ಎಂಬ ಪ್ರೋಟೀನನ್ನೂ, 1995ರಲ್ಲಿ ಅದರ ಜೊತೆಗಾರ ನ್ಯೂರೋಲಿಜಿನ್ನನ್ನೂ ಪತ್ತೆಹಚ್ಚಿತು. ಡೇಟಾ ಕಳಿಸೋ ಮುಂಚೆ ಎರಡು ಕಂಪ್ಯೂಟರ್‌ಗಳು ‘ಹ್ಯಾಂಡ್‌ಶೇಕ್’ ಮಾಡ್ತವಲ್ಲ, ಹಾಗೆ ನರಕೋಶಗಳು ಸಂಧಿಸೋ ಸಿನಾಪ್ಸ್‌ನಲ್ಲಿ ಇವೆರಡೂ ಆಚೆ ಈಚೆಯಿಂದ ಕೈ ಹಿಡಿಯುತ್ತವೆ.

2003ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಥಾಮಸ್ ಬೂರ್ಜೆರಾನ್ ತಂಡ ಸ್ವೀಡನ್ನಿನ ಎರಡು ಮನೆಗಳ ಅಣ್ಣತಮ್ಮಂದಿರ ಜೀನು ಓದಿತು. ಒಂದು ಮನೆಯಲ್ಲಿ ನ್ಯೂರೋಲಿಜಿನ್-3ರ ಜೀನಿನಲ್ಲಿ ಒಂದಕ್ಷರ ಬದಲಾಗಿತ್ತು. ಇನ್ನೊಂದರಲ್ಲಿ ನ್ಯೂರೋಲಿಜಿನ್-4ರ ಜೀನಿನಲ್ಲಿ ಒಂದಕ್ಷರ ಹೆಚ್ಚಿಗೆ ಸೇರಿತ್ತು.

ಎರಡೂ ಇರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಕ್ಕಳಿಗೆ ಅದು ಬರೋದು ಅಮ್ಮನಿಂದಲೇ. ಹಾಗಂತ ಮತ್ತೆ ಅಮ್ಮನ ಕಡೆ ಬೆರಳು ತೋರಿಸಬೇಡಿ. ಆಟಿಸಂ ಇರೋ ಬಹುಪಾಲು ಮಕ್ಕಳಲ್ಲಿ ಈ ಎರಡು ಜೀನೂ ಸರಿಯಾಗೇ ಇರುತ್ತವೆ, ಅವರ ಕಥೆ ಬೇರೆ. ಇನ್ನು ಜೀನಿನ ಅಕ್ಷರಗಳನ್ನು ಯಾವ ತಾಯಿಯೂ ಆರಿಸಿ ಕೊಡೋದಿಲ್ಲ, ಮುದ್ದು ಕಡಿಮೆಯಾಯ್ತು ಅಂತ ಅವು ಬದಲಾಗೋದೂ ಇಲ್ಲ.