ಪಾರಿಜಾತಕ್ಕೆ ಮೈಕ್ ಬಂದ ಮೇಲೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಿರಿಯರಿಗೆ ‘ಶ್ರೀಕೃಷ್ಣ ಪಾರಿಜಾತ’ ಎಂದರೆ ಬೆಳತನಕ ನಡೆಯುವ ಆಟ. ಅಪರಾಳ ತಮ್ಮಣ್ಣನ ಈ ಕೃತಿಯನ್ನು ರಂಗಕ್ಕೆ ತಂದವನು ಕುಲಗೋಡ ತಮ್ಮಣ್ಣನೆಂದು ಪ್ರತೀತಿ. ಮುಂದೆ ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಅದನ್ನು ಮನೆಮಾತಾಗಿಸಿದರು. ಮೈಕ್ ಇಲ್ಲದ ದಿನಗಳಲ್ಲಿ ಗೊಲ್ಲತಿಯ ಮಾತು ಕಡೆಯ ಸಾಲಿಗೂ ಮುಟ್ಟಬೇಕಿದ್ದರೆ ಕಲಾವಿದನಿಗೆ ಗಟ್ಟಿ ಕೊರಳೇ ಬಂಡವಾಳ.

ಕೊರಳಿಗೆ ಯಂತ್ರದ ನೆರವು ಸಿಕ್ಕಿದ್ದು ನಿಧಾನವಾಗಿ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ ಟ್ರಯೋಡ್ ವಾಲ್ವ್ ಆಂಪ್ಲಿಫೈಯರಿಗೆ ದಾರಿ ತೆರೆಯಿತು. ಆದರೆ ವಾಲ್ವಿಗೆ ಹೆಚ್ಚಿನ ವೋಲ್ಟೇಜು ಬೇಕು. ಗೋಕಾಕ ಜಲಪಾತದ ನೀರು 1887ರಲ್ಲೇ ಗಿರಣಿಯ ಯಂತ್ರಗಳನ್ನು ತಿರುಗಿಸಿತ್ತಾದರೂ ಸುತ್ತಲಿನ ಹಳ್ಳಿಗಳಿಗೆ ಕರೆಂಟು ಬಂದದ್ದು ಎಷ್ಟೋ ಕಾಲದ ನಂತರ. ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿದ್ದು 1969ರಲ್ಲಿ. ಈ ನಡುವೆ, 1947ರಲ್ಲಿ ಶೋಧವಾದ ಟ್ರಾನ್ಸಿಸ್ಟರು 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುವ ಹಗುರ ಆಂಪ್ಲಿಫೈಯರನ್ನು ಸಾಧ್ಯವಾಗಿಸಿತು. ಕರೆಂಟಿಲ್ಲದ ಊರಿಗೂ ಮೈಕ್ ಸೆಟ್ ಹೋಗಬಹುದಾಯಿತು.

ಕೊಳ್ಳುವವರು ಮೊದಲು ಕೇಳುವುದು ‘ಎಷ್ಟು ವ್ಯಾಟ್?’ ಎಂದು. ಇಲ್ಲಿಯೇ ಹಣ ಪೋಲಾಗುವುದು. 50 ವ್ಯಾಟಿನ ಬದಲು 100 ವ್ಯಾಟ್ ತಂದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಬಯಲಿನಲ್ಲಿ ಸ್ಪೀಕರನ್ನು ಕೇಳುಗನಿಗೆ ಅರ್ಧದಷ್ಟು ಹತ್ತಿರ ತಂದರೆ 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಸಣ್ಣ ಮೇಳಕ್ಕೆ ದೊಡ್ಡ ಆಂಪ್ಲಿಫೈಯರಿಗಿಂತ ಸಭೆಯ ನಡುವೆ ಇಡುವ ಇನ್ನೊಂದು ಸ್ಪೀಕರೇ ಲಾಭ.

ಹೆಡ್‌ಫೋನಿಗೂ ಇದೇ ನ್ಯಾಯ. ಹಿಂದಿನ ಕ್ರಿಸ್ಟಲ್ ರೇಡಿಯೋಗಳಲ್ಲಿ ಆಂಪ್ಲಿಫೈಯರೇ ಇರಲಿಲ್ಲ. ಗಾಳಿಯಲ್ಲಿ ಬಂದ ಅಲೆಯ ಬಲವೊಂದೇ ಹೆಡ್‌ಫೋನನ್ನು ನುಡಿಸುತ್ತಿತ್ತು. ಕಿವಿಗೆ ಅಷ್ಟು ಹತ್ತಿರವಿರುವ ಸಾಧನಕ್ಕೆ ಅಲ್ಪ ಶಕ್ತಿ ಸಾಕು. ಇಂದು 16 ಅಥವಾ 32 ಓಮಿನ ಸಾಮಾನ್ಯ ಹೆಡ್‌ಫೋನಿಗೆ ಮೊಬೈಲಿನ ಕೆಲವು ಮಿಲಿವ್ಯಾಟ್ ಸಾಲುತ್ತದೆ. 250–300 ಓಮಿನವುಗಳಿಗೆ ಮಾತ್ರ ಬಹುತೇಕ ಬೇರೆ ಆಂಪ್ಲಿಫೈಯರ್ ಬೇಕಾದೀತು. ಕೈಯಲ್ಲಿರುವ ಹಣವನ್ನು ಮೊದಲು ಒಳ್ಳೆಯ ಹೆಡ್‌ಫೋನಿಗೆ ಹಾಕುವುದೇ ಜಾಣತನ.

ಆದರೆ ಪಾರಿಜಾತದ ಇಂದಿನ ಕಷ್ಟ ವ್ಯಾಟಿನದಲ್ಲ, ಹೊತ್ತಿನದು. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಉತ್ಸವಗಳಿಗೆಂದು ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ನಿದ್ದೆಗೆಡುವ ರೋಗಿ, ಓದುವ ಮಕ್ಕಳ ದೃಷ್ಟಿಯಿಂದ ನಿಯಮ ಸರಿಯೇ. ಆದರೆ ಬೆಳತನಕದ ಆಟ ಏನಾಗಬೇಕು? ಒಂದೋ ಕಥೆಯನ್ನು ಮೊಟಕು ಮಾಡಬೇಕು, ಇಲ್ಲವೇ ಮುಚ್ಚಿದ ಸಭಾಗೃಹಕ್ಕೆ ಹೋಗಬೇಕು. ಊರಿಗೊಂದು ಅಂಥ ಸಭಾಗೃಹವಿದ್ದರೆ ಆಟ ಉಳಿದೀತು. ಅಲ್ಲಿಗೆ ಚಿಕ್ಕ ಆಂಪ್ಲಿಫೈಯರೇ ಸಾಕು.