ನೊರೆ ಹೆಚ್ಚಾದರೆ ಕೊಳೆ ಹೆಚ್ಚು ಹೋಗುತ್ತದೆಯೇ? ಉತ್ತರ ಬಿಎಸ್ಸಿ ಲ್ಯಾಬ್‌ನಲ್ಲಿದೆ

ಹೇಳಿಕೆ: “ಪೌಡರ್ ಜಾಸ್ತಿ ಹಾಕಿ, ನೊರೆ ಜಾಸ್ತಿ ಬಂದಷ್ಟೂ ಬಟ್ಟೆ ಶುಭ್ರ.”

ಈ ಮಾತನ್ನು ನೀವೂ ಕೇಳಿರುತ್ತೀರಿ. ಇದು ಎಷ್ಟು ನಿಜ? ಬಿಎಸ್ಸಿ ರಸಾಯನಶಾಸ್ತ್ರದ ಒಂದು ಪ್ರಯೋಗದ ಮೂಲಕ ನೋಡೋಣ.

ಸೋಪು ಏನು ಮಾಡುತ್ತದೆ?

ಸೋಪು, ಡಿಟರ್ಜೆಂಟ್, ಶಾಂಪೂಗಳಲ್ಲಿ ಕೊಳೆ ತೆಗೆಯುವ ಮುಖ್ಯ ವಸ್ತುವಿಗೆ ಸರ್ಫ್ಯಾಕ್ಟಂಟ್ ಎನ್ನುತ್ತಾರೆ. ಇದರ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ. ನೀರಿಗೆ ಸ್ವಲ್ಪ ಸ್ವಲ್ಪವೇ ಸೇರಿಸಿದರೆ ಮೊದಲು ನೀರಿನ ಮೇಲ್ಮೈ ಈ ಅಣುಗಳಿಂದ ತುಂಬುತ್ತದೆ. ಒಂದು ಮಿತಿ ದಾಟಿದ ಮೇಲೆ ಅಣುಗಳು ಬಾಲವನ್ನು ಒಳಗಿಟ್ಟುಕೊಂಡು ಗುಂಪುಗೂಡುತ್ತವೆ. ಈ ಗುಂಪೇ ಮಿಸೆಲ್. ಜಿಡ್ಡನ್ನು ಒಳಗೆ ಹಿಡಿದಿಟ್ಟುಕೊಳ್ಳುವುದು ಇದೇ. ಆ ಮಿತಿಯನ್ನು ಸಿಎಂಸಿ ಎನ್ನುತ್ತಾರೆ.

ಟೂತ್‌ಪೇಸ್ಟ್‌ನಲ್ಲೂ ಬಳಕೆಯಾಗುವ ಎಸ್‌ಡಿಎಸ್ ಎಂಬ ಸರ್ಫ್ಯಾಕ್ಟಂಟ್‌ನ ಸಿಎಂಸಿ, 25 ಡಿಗ್ರಿ ಸೆಲ್ಸಿಯಸ್‌ನ ಶುದ್ಧ ನೀರಿನಲ್ಲಿ, ಲೀಟರ್‌ಗೆ ಸುಮಾರು 8.2 ಮಿಲಿಮೋಲ್. ಅಂದರೆ ಸುಮಾರು 2.4 ಗ್ರಾಂ. ಇದಕ್ಕಿಂತ ಹೆಚ್ಚು ಹಾಕಿದರೆ ಮಿಸೆಲ್‌ಗಳು ಹೆಚ್ಚುತ್ತವೆ, ಆದರೆ ಮೇಲ್ಮೈ ಎಳೆತ ಮತ್ತೆ ಹೆಚ್ಚೇನೂ ಇಳಿಯುವುದಿಲ್ಲ.

ಪ್ರಯೋಗ ಎಲ್ಲಿ ಎಡವುತ್ತದೆ?

ವಿದ್ಯಾರ್ಥಿಗಳು ದ್ರಾವಣದ ವಿದ್ಯುತ್ ವಾಹಕತೆ ಅಳೆದು ಗ್ರಾಫ್ ಹಾಕುತ್ತಾರೆ. ಮಿಸೆಲ್‌ಗಳು ಸೋಡಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಿಎಂಸಿ ದಾಟಿದ ಮೇಲೆ ಗೆರೆಯ ಏರು ಕಡಿಮೆಯಾಗುತ್ತದೆ. ಉತ್ತರ ಮೊದಲೇ ಗೊತ್ತಿದ್ದರೆ ಗೆರೆಗಳನ್ನು 8ರ ಹತ್ತಿರವೇ ಸೇರಿಸುವ ಆಸೆ ಸಹಜ. ಆಗ ಅದು ಅಳತೆಯಲ್ಲ, ಪರೀಕ್ಷಿಸದೆ ಫಾರ್ವರ್ಡ್ ಮಾಡಿದಂತೆ.

ಉತ್ತಮಪಡಿಸುವುದು ಹೇಗೆ?

• ಗೆರೆ ಬಾಗುವ ಜಾಗದ ಎರಡೂ ಕಡೆ ಹೆಚ್ಚು ರೀಡಿಂಗ್ ತೆಗೆದುಕೊಳ್ಳಿ. ಗೆರೆಯನ್ನು ಕಣ್ಣಳತೆಯಲ್ಲಿ ಎಳೆಯದೆ ಸ್ಪ್ರೆಡ್‌ಶೀಟ್‌ನಲ್ಲಿ ಲೆಕ್ಕ ಹಾಕಿ.
• ಬೀಕರನ್ನು ವಾಟರ್ ಬಾತ್‌ನಲ್ಲಿಡಿ. ಉಷ್ಣತೆ 1 ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2ರಷ್ಟು ಏರುತ್ತದೆ.
• ಜೋರಾಗಿ ಕಲಕಬೇಡಿ. ನೊರೆಯ ಗುಳ್ಳೆ ಎಲೆಕ್ಟ್ರೋಡ್‌ಗೆ ಅಂಟಿದರೆ ರೀಡಿಂಗ್ ತಪ್ಪುತ್ತದೆ.
• 25, 35, 45 ಡಿಗ್ರಿಗಳಲ್ಲಿ ಮತ್ತೆ ಅಳೆಯಿರಿ. ಸಿಎಂಸಿ ಅಷ್ಟಾಗಿ ಬದಲಾಗದು. 25 ಡಿಗ್ರಿಯ ಆಸುಪಾಸಿನಲ್ಲಿ ಮಿಸೆಲ್ ಆಗುವಾಗ ಶಾಖದ ಪಾತ್ರ ತೀರಾ ಕಡಿಮೆ ಎಂಬುದು ಇದರಿಂದ ತಿಳಿಯುತ್ತದೆ. ಹಾಗಾದರೆ ಗುಂಪು ಕಟ್ಟಿಸುವುದು ಯಾವುದು? ಬಾಲಗಳ ಸುತ್ತ ಸಾಲುಗಟ್ಟಿ ನಿಂತಿದ್ದ ನೀರಿನ ಅಣುಗಳಿಗೆ ಸಿಗುವ ಬಿಡುಗಡೆ. ಇದೇ ಎಂಟ್ರೊಪಿಯ ಏರಿಕೆ.
• ಲೀಟರ್‌ಗೆ ಸುಮಾರು 6 ಗ್ರಾಂ ಉಪ್ಪು ಹಾಕಿದರೆ ಸಿಎಂಸಿ ಸುಮಾರು ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಪ್ಪೇ ವಿದ್ಯುತ್ ಹರಿಸುವುದರಿಂದ ಇಲ್ಲಿ ಮೇಲ್ಮೈ ಎಳೆತ ಅಳೆಯುವುದು ಒಳ್ಳೆಯದು.

ತೀರ್ಮಾನ

ಹೇಳಿಕೆ ದಾರಿತಪ್ಪಿಸುವಂಥದ್ದು. ನೊರೆ ಎಂದರೆ ಸರ್ಫ್ಯಾಕ್ಟಂಟ್ ಪೊರೆಯೊಳಗೆ ಸಿಕ್ಕ ಗಾಳಿ. ಕೊಳೆ ಎಷ್ಟು ಹೋಯಿತು ಎನ್ನುವುದಕ್ಕೆ ಅದು ಅಳತೆಗೋಲಲ್ಲ. ಫ್ರಂಟ್ ಲೋಡ್ ವಾಷಿಂಗ್ ಮಷೀನ್‌ಗೆ ಕಡಿಮೆ ನೊರೆಯ ಪೌಡರನ್ನೇ ಬಳಸುತ್ತೇವೆ, ಬಟ್ಟೆ ಶುಭ್ರವಾಗಿಯೇ ಬರುತ್ತದೆ. ಆದರೆ 2.4 ಗ್ರಾಂ ಲೆಕ್ಕವನ್ನು ನಿಮ್ಮ ಬಕೆಟ್‌ಗೆ ಅನ್ವಯಿಸಬೇಡಿ. ಅಂಗಡಿಯ ಪೌಡರ್‌ನಲ್ಲಿ ಸೋಡಾದಂಥ ಬೇರೆ ವಸ್ತುಗಳೂ ಇರುತ್ತವೆ, ಗಡಸು ನೀರಿದ್ದರೆ ಲೆಕ್ಕವೇ ಬದಲಾಗುತ್ತದೆ. ಪ್ಯಾಕೆಟ್ ಮೇಲಿನ ಅಳತೆಯನ್ನೇ ಪಾಲಿಸಿ.